ಉಮರಗಾದಿಂದ ಜಳಕೋಟಕ್ಕೆ, ಮೋಟಾರಿಲ್ಲದ ದಾರಿ

ಕಾರ್ತಿಕದ ಕೊನೆಯ ಶನಿವಾರ, ಹೊತ್ತು ಹುಟ್ಟುವ ಮೊದಲೇ ನಾನು ಉಮರಗಾ ಬಿಟ್ಟೆ. ಸೈಕಲ್ಲಿನ ಹಿಂದೆ ಹಾಸಿಗೆಯ ಸುರುಳಿ, ಅದರೊಳಗೆ ಎರಡು ಧೋತರ, ವಿಭೂತಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಸೀಟು ಚರ್ಮದ್ದು. ಅಯ್ಯನಾದವನು ಚರ್ಮದ ಮೇಲೆ ಕೂರಬಾರದೆಂದು ಅವ್ವ ಅದಕ್ಕೆ ಕಂಬಳಿಯ ತುಂಡೊಂದನ್ನು ಹೊಲಿದು ತೊಡಿಸಿದ್ದಳು. ಸೋಲಾಪುರದಿಂದ ತಂದ ಆ ಸೈಕಲ್ಲನ್ನು ಆಕೆ ಒಂದು ದಿನವೂ ಒಳ್ಳೆಯ ಕಣ್ಣಿನಿಂದ ನೋಡಿದವಳಲ್ಲ.

"ಗಾಡಿ ಮಾಡ್ಕೊಂಡು ಹೋಗಬಾರದೇನೋ?" ಎಂದಳು.

"ಗಾಡಿ ನಾಕು ದಿನ ಹಿಡೀತದವ್ವ. ಅಷ್ಟೊತ್ತಿಗೆ ಸೋಮವಾರ ಮುಗದು ಹೋಗ್ತದ."

ಸೋಮವಾರದ ಸಂಗತಿ ಮೊದಲು ಹೇಳಬೇಕು. ನಮ್ಮದು ಅಯ್ಯನವರ ಮನೆತನ. ಜಳಕೋಟದ ಒಕ್ಕಲು ಮನೆಗಳಿಗೆ, ಹುಟ್ಟಿದ ಕೂಸಿನ ಕೊರಳಿಗೆ ಲಿಂಗ ಕಟ್ಟುವುದರಿಂದ ಹಿಡಿದು ಹೋದವರನ್ನು ಮಣ್ಣು ಮಾಡುವತನಕ, ಅಪ್ಪನೇ ಬೇಕಾಗಿತ್ತು. ಅಪ್ಪ ಲಿಂಗೈಕ್ಯನಾದ ಮೇಲೆ ಉದಗೀರದಲ್ಲಿರುವ ದೊಡ್ಡಪ್ಪನ ಮಗ ರೇವಣಯ್ಯ ಆ ಮನೆಗಳು ತನ್ನವೆಂದು ಓಡಾಡತೊಡಗಿದ. ಜಳಕೋಟದ ಹಿರಿಯ ಮನೆಯ ಯಜಮಾನಿ ಗುರವ್ವ ನನಗೆ ಹೇಳಿ ಕಳಿಸಿದ್ದಳು: ಕಾರ್ತಿಕದ ಕೊನೆಯ ಸೋಮವಾರ ಮೊಮ್ಮಗನಿಗೆ ಲಿಂಗ ಕಟ್ಟುವುದಿದೆ, ನಾನು ಬಂದು ಕಟ್ಟಿದರೆ ಅಪ್ಪನ ಮನೆಗಳೆಲ್ಲ ನನ್ನವು, ಬರದಿದ್ದರೆ ರೇವಣಯ್ಯನನ್ನು ಕೂರಿಸುತ್ತಾಳೆ. ಆ ಮಾತು ನನಗೆ ಮುಟ್ಟಿದ್ದು ಶುಕ್ರವಾರ ಸಂಜೆ.

ನಮ್ಮೂರ ಮುಂದಿನ ಹೆದ್ದಾರಿಯಲ್ಲಿ ಈಗ ಮೋಟಾರು ಓಡುತ್ತವೆ. ಒಂದು ಎದುರಾದರೆ ಸಾಕು, ಸೈಕಲ್ಲಿನವನ ಬಾಯಿ, ಮೂಗು, ಕಣ್ಣೆಲ್ಲ ಧೂಳು. ಮೋಟಾರಿನ ಗಾಲಿ ತಾಗದ ಗಾಡಿಜಾಡು ಹಿಡಿದು, ಗುಡ್ಡ ಅಡವಿಯ ನಡುವೆಯೇ ಉದಗೀರ ಸೀಮೆ ಮುಟ್ಟಬಹುದೆಂದು ಎರಡು ವರ್ಷದಿಂದ ಕಂಡಕಂಡವರ ಎದುರು ಕೊಚ್ಚಿಕೊಂಡಿದ್ದೆ. ಬೇಕಾದವರಿಗೆ ಆ ದಾರಿಯನ್ನು ಇಲ್ಲಿ ಸರಿಯಾಗಿಯೇ ಬರೆಯುತ್ತೇನೆ. ದಾರಿಯದೇನೂ ತಪ್ಪಿಲ್ಲ.

ಕಾಸಾರಶಿರಸಿ ಎಂಟು ಕೋಸು, ಕೋಸಿಗೆ ಎರಡು ಮೈಲಿಯಂತೆ. ಎರಡೂ ಕಡೆ ಮೊಣಕಾಲೆತ್ತರದ ಜೋಳ, ನಡುವೆ ಗಾಡಿಗಾಲಿ ಕೊರೆದು ಒಣಗಿದ ಕರಿಮಣ್ಣು. ಆ ಕೊರಕಲಿಗೆ ಬಿದ್ದರೆ ಮೇಲೇಳಲಾಗದು, ನಡುವಿನ ದಿಂಡಿನ ಮೇಲೆಯೇ ಹೋಗಬೇಕು. ಮಧ್ಯಾಹ್ನ ಅಲ್ಲಿನ ಪೇಟೆಯಲ್ಲಿ ಮಜ್ಜಿಗೆ ಕುಡಿಯುವಾಗ ಬಳೆಗಾರನೊಬ್ಬ ಸೈಕಲ್ಲಿನ ಸುತ್ತ ಎರಡು ಸಲ ತಿರುಗಿದ.

"ಅಯ್ಯಾರ, ಇದಕ್ಕ ಮೇವು ಏನ್ ಹಾಕ್ತೀರಿ?"

"ಗಾಳಿ."

"ಹಂಗಾರ ಭೇಷ ಆತ್ರಿ. ಅದು ನಮ್ಮೂರಾಗ ಪುಕ್ಕಟ ಸಿಗತದ."

ಪೇಟೆಯೆಲ್ಲ ನಕ್ಕಿತು, ನಾನೂ ನಕ್ಕೆ. ಈ ಪ್ರಯಾಣದಲ್ಲಿ ನಾನು ಮನಸಾರೆ ನಕ್ಕಿದ್ದು ಅದೊಂದೇ ಸಲ. ಸಂಜೆಗೆ ನಿಲಂಗಾ ಮುಟ್ಟಿ, ಕಲ್ಲುಗುಡಿಯ ಹತ್ತಿರದ ಮಠದಲ್ಲಿ ಉಳಿದೆ. ಅಲ್ಲಿ ನುಚ್ಚು, ಸಾರು ಹಾಕಿದರು. ಚಳಿ ಚೆನ್ನಾಗಿಯೇ ಇತ್ತು.

ರವಿವಾರ ಬೆಳಿಗ್ಗೆ ಮಾಂಜರಾ ಹೊಳೆ. ನೀರು ನಡುಮಟ್ಟ. ಹರಿಗೋಲಿನವನು ನನಗೆ ಒಂದಾಣೆ, ಸೈಕಲ್ಲಿಗೆ ಎರಡಾಣೆ ಎಂದ. ಸೈಕಲ್ಲು ಈಸುವುದಿಲ್ಲವಲ್ಲ, ಕೊಟ್ಟೆ. ಹೊಳೆ ದಾಟಿದ ಮೇಲೆ ಕರಿಮಣ್ಣು ಮುಗಿದು ಕೆಂಪು ಕಲ್ಲಿನ ಏರು ಶುರುವಾಗುತ್ತದೆ. ಈ ದಾರಿಯ ಚಂದವೆಲ್ಲ ಇರುವುದು ಇಲ್ಲಿಂದ ಮುಂದೆ. ಗುಡ್ಡದ ತುಂಬ ಮುತ್ತಲ, ಬಾರಿಕಂಟಿ, ಸೀತಾಫಲ. ಗಿಣಿ ಕಚ್ಚಿದ ಹಣ್ಣು ದಾರಿಯಲ್ಲೇ ಒಡೆದು ಬಿದ್ದಿದ್ದವು. ನವಿಲು ಕೂಗುವುದು ಬಿಟ್ಟರೆ ಬೇರೆ ಸದ್ದಿಲ್ಲ. ಮೂರು ತಾಸು ಒಂದು ಗಾಡಿಯೂ ಎದುರಾಗಲಿಲ್ಲ. ನನ್ನಷ್ಟು ಸುಖಿ ನಿಜಾಮನ ರಾಜ್ಯದಲ್ಲೇ ಇಲ್ಲವೆಂದುಕೊಂಡೆ.

ಒಂದೇ ಕಿರಿಕಿರಿ ಎಂದರೆ ಕೊರಳ ಲಿಂಗದ ಕರಡಿಗೆ. ಅಪ್ಪ ಮಾಡಿಸಿಕೊಟ್ಟ ದಪ್ಪ ಬೆಳ್ಳಿಯ ಡಬ್ಬಿ, ಒಳಗೆ ಇಷ್ಟಲಿಂಗ. ಬಗ್ಗಿ ತುಳಿಯುವಾಗ ಅದು ಜೋತಾಡಿ, ಗಾಲಿ ಕಲ್ಲಿಗೆ ಹಾರಿದಾಗಲೆಲ್ಲ ಎದೆಯ ಎಲುಬಿಗೆ ಬಡಿಯುತ್ತಿತ್ತು. ಏರಿನ ನೆತ್ತಿಯಲ್ಲಿ ಒಂದು ಹೊಂಡ, ಅದರ ದಂಡೆಗೆ ಬೀರಪ್ಪನೆಂಬ ಮುದುಕ ಕುರಿ ಬಿಟ್ಟುಕೊಂಡು ಕೂತಿದ್ದ. ಎಲ್ಲಿಗೆ ಎಂದು ಕೇಳಿದ. ಜಳಕೋಟದ ಗುರವ್ವನ ಮನೆಗೆ, ನಾಳೆ ಕೂಸಿಗೆ ಲಿಂಗ ಕಟ್ಟಲು, ಎಂದು ದೊಡ್ಡದಾಗಿಯೇ ಹೇಳಿದೆ. ನೀರು ಕುಡಿದು, ಅಂಗಿ ಬಿಚ್ಚಿ ನೋಡಿದರೆ ಎದೆ ಕೆಂಪಾಗಿತ್ತು. ಕರಡಿಗೆಯನ್ನು ಕೊರಳಿಂದ ತೆಗೆದು ಸೀಟಿನ ಹಿಂದಿನ ಪುಟ್ಟ ಚೀಲದಲ್ಲಿಟ್ಟೆ. ನಟ್ಟು ತಿರುಗಿಸುವ ಪಾನ, ಎಣ್ಣೆಬಟ್ಟೆ ಇಡುವ ಚರ್ಮದ ಚೀಲ ಅದು.

ಬೀರಪ್ಪ ಎದ್ದು ನಿಂತ. "ಅಯ್ಯಾರ, ಅದು ಮೈಮ್ಯಾಲಿಂದ ಇಳಿಸಬಾರದಂತಲ್ರಿ?"

"ಅಯ್ಯಾ ನಾನೋ ನೀನೋ?" ಎಂದೆ. "ಉದಗೀರತನಾ ಅಷ್ಟ. ಕುರಿ ನೋಡ್ಕೋ ಹೋಗು."

ಮುದುಕ ಹೇಳಿದ್ದು ಸರಿ. ಕೊರಳಿನ ಲಿಂಗ ಉಸಿರಿರುವತನಕ ಮೈ ಬಿಡಬಾರದು. ಕಳೆದರೆ, ಸಿಗುವವರೆಗೆ ಬಾಯಿಗೆ ಅನ್ನ ಹಾಕಬಾರದು. ಈ ಮಾತನ್ನು ಭಕ್ತರ ಮನೆಮನೆಯಲ್ಲಿ ಕೂತು ಹೇಳುವ ಮನೆತನ ನಮ್ಮದು.

ಉದಗೀರಕ್ಕೆ ಆರು ಕೋಸು, ಹೆಚ್ಚಿನದು ಇಳಿಜಾರು. ಕಾಲು ಎತ್ತಿಟ್ಟುಕೊಂಡು ಹಾಡು ಹೇಳುತ್ತ ಇಳಿದೆ. ಹೊತ್ತು ಮುಳುಗುವಾಗ ಕೋಟೆಯ ಹತ್ತಿರದ ಧರ್ಮಶಾಲೆ ಸೇರಿ, ಪೂಜೆಗೆಂದು ಚೀಲಕ್ಕೆ ಕೈ ಹಾಕಿದರೆ ಚೀಲವೇ ಇಲ್ಲ. ಹರಿದ ಪಟ್ಟಿಯೊಂದು ಜೋತಾಡುತ್ತಿತ್ತು.

ತಿರುಗಿ ಹೋಗಿ ದಾರಿಯುದ್ದಕ್ಕೂ ಹುಡುಕಬೇಕಾದದ್ದು ಧರ್ಮ. ಹೋದರೆ ಸೋಮವಾರ ತಪ್ಪುತ್ತದೆ, ಜಳಕೋಟ ರೇವಣಯ್ಯನ ಪಾಲಾಗುತ್ತದೆ. ಅದೇ ಊರಲ್ಲಿ, ನಾಲ್ಕು ಓಣಿಯಾಚೆ ಅವನು ಕಾಯುತ್ತ ಕೂತಿದ್ದ. ನಾನು ತುಂಬ ಹೊತ್ತು ವಿಚಾರ ಮಾಡಿದೆನೆಂದು ಬರೆದರೆ ಸುಳ್ಳಾಗುತ್ತದೆ. ಎಲೆಅಡಿಕೆಯ ಸಂಚಿಯಿಂದ ಒಂದು ಇಡೀ ಅಡಿಕೆ ತೆಗೆದು, ಎಷ್ಟೋ ಜನ ಲಿಂಗವನ್ನು ಕಟ್ಟಿಕೊಳ್ಳುವ ಹಾಗೆ ಬಿಳಿ ಬಟ್ಟೆಯಲ್ಲಿ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡೆ. ಅಂಗಿಯ ಮೇಲಿಂದ ಯಾರಿಗೂ ವ್ಯತ್ಯಾಸ ಕಾಣುವಂತಿರಲಿಲ್ಲ. ಆ ರಾತ್ರಿ ಉಣ್ಣಲಿಲ್ಲ. ನನ್ನ ನಿಷ್ಠೆ ಅಷ್ಟಕ್ಕೇ ಮುಗಿಯಿತು.

ಸೋಮವಾರ ಎಂಟು ಕೋಸು ತುಳಿದು, ಪೂಜೆಯ ಹೊತ್ತಿಗೆ ಸರಿಯಾಗಿ ಜಳಕೋಟದಲ್ಲಿದ್ದೆ. ರೇವಣಯ್ಯ ಗಾಡಿಯಲ್ಲಿ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಅವನ ಮುಖ ಇಳಿಯಿತು. ಗುರವ್ವ ತಾನೇ ನೀರು ತಂದು ನನ್ನ ಪಾದ ತೊಳೆದಳು.

"ಥೇಟ ನಿಮ್ಮಪ್ಪಾರಂಗ ಹೊತ್ತಿಗಿ ಬಂದ್ರಿ ನೋಡ್ರಿ," ಎಂದಳು. ಆಕೆಯ ಕಣ್ಣು ತುಂಬಿದ್ದವು.

ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಮಂತ್ರ ಹೇಳಿ, ವಿಭೂತಿ ಹಚ್ಚಿ, ಲಿಂಗ ಕಟ್ಟಿದೆ. ಕೂಸು ನನ್ನ ಕೊರಳ ಗಂಟು ಹಿಡಿದು ಎಳೆಯಿತು. ಅದರ ಬೆರಳನ್ನು ಒಂದೊಂದಾಗಿ ಬಿಡಿಸುವಾಗ ನನಗೆ ಬಂದ ಹೆದರಿಕೆ ಅಡವಿಯಲ್ಲೂ ಬಂದಿರಲಿಲ್ಲ.

ಅಯ್ಯ ಮೊದಲ ತುತ್ತು ಎತ್ತುವತನಕ ಮನೆಯವರು ಯಾರೂ ಉಣ್ಣುವಂತಿಲ್ಲ. ಎತ್ತಿದೆ. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಒಂದು ದಿನದ ಹಸಿವು, ಎರಡನೆಯ ಸಲವೂ ಬಡಿಸಿಕೊಂಡೆ. ಗಂಡಸರ ಪಂಕ್ತಿ ಅರ್ಧವಾಗಿತ್ತು, ಹೆಂಗಸರಿನ್ನೂ ಉಂಡಿರಲಿಲ್ಲ. ಆಗ ಬಾಗಿಲಲ್ಲಿ ಬೀರಪ್ಪ ನಿಂತಿದ್ದ. ಮೊಣಕಾಲಿನವರೆಗೆ ಕೆಂಪು ಧೂಳು. ಎರಡೂ ಕೈಯಲ್ಲಿ, ಹೊಸ ಮುತ್ತಲ ಎಲೆಯ ಮೇಲೆ, ನನ್ನ ಕರಡಿಗೆ.

"ಅಯ್ಯಾರದು ಗುಡ್ಡದಾಗ ಬಿದ್ದಿತ್ರಿ ಯವ್ವಾ," ಎಂದ ಗುರವ್ವನಿಗೆ. "ಚರ್ಮದ ಚೀಲದಾಗಿತ್ತು, ನಾ ಎಲಿ ಮ್ಯಾಲ ಇಟ್ಟುಕೊಂಡು ಬಂದೀನಿ. ಇದು ಸಿಗೂತನಾ ಅಯ್ಯಾರು ಉಪಾಸ ಕುಂತಿರ್ತಾರ, ಅವರು ಉಣಲಾರದ ನಾ ಹ್ಯಾಂಗ ಉಣ್ಲಿ ಅಂತ ನಿನ್ನಿ ಕಟ್ಟಿದ ರೊಟ್ಟಿ ಬಿಚ್ಚಿಲ್ರಿ. ಲಗೂ ಕೊಡ್ರಿ ಅವರಿಗಿ."

ಅವನ ಹೆಗಲಲ್ಲಿ ರೊಟ್ಟಿಯ ಗಂಟು ಕಟ್ಟಿದಂತೆಯೇ ಇತ್ತು. ಆಮೇಲೆ ಅವನು ಪಂಕ್ತಿ ನೋಡಿದ. ನನ್ನನ್ನು ಕಂಡ, ನನ್ನ ಎಲೆಯನ್ನು ಕಂಡ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗುರವ್ವ ನನ್ನ ಮುಂದೆ ಬಂದು ಕೈ ಚಾಚಿದಳು. "ಕೊರಳಾಗಿಂದು ತಗೀರಿ."

ಗಂಟು ಬಿಚ್ಚಿ ಅಡಿಕೆಯನ್ನು ಆಕೆಯ ಅಂಗೈಯಲ್ಲಿಟ್ಟೆ. ಆಕೆ ಅದನ್ನು ನೋಡಿದಳು, ಮಗನಿಗೂ ತೋರಿಸಿದಳು. "ರೇವಣಯ್ಯನವರನ್ನ ಒಳಗ ಕರೀರಿ. ಕೂಸಿಗಿ ಇನ್ನೊಮ್ಮಿ ಕಟ್ಟಿಸೋಣು," ಎಂದಳು. ಬೀರಪ್ಪನ ಕೈಯ ಎಲೆಯನ್ನು ತಾನೇ ತೆಗೆದುಕೊಂಡು ನನ್ನ ಪಕ್ಕದಲ್ಲಿಟ್ಟು, ಅವನಿಗೆ ಚಾಪೆ ಹಾಸಿದಳು.

"ನೀ ಉಣ್ಣಪ್ಪಾ. ನೀ ಮೊದಲನೇ ತುತ್ತು ಎತ್ತು, ಆಮ್ಯಾಲ ನಾವು."

ನಾನು ಎಂಜಲುಗೈಯಲ್ಲೇ ಎದ್ದು ಹಿತ್ತಲಿಗೆ ಹೋದೆ. ಕೈ ತೊಳೆದು, ಕರಡಿಗೆ ಕಟ್ಟಿಕೊಂಡು, ಯಾರಿಗೂ ಹೇಳದೆ ಸೈಕಲ್ ಹಿಡಿದೆ.

ತಿರುಗಿ ಬರುವಾಗಲೂ ಅದೇ ದಾರಿ. ಸೈಕಲ್ಲಿನವರಿಗೆ ಇದಕ್ಕಿಂತ ಒಳ್ಳೆಯದು ಈ ಸೀಮೆಯಲ್ಲಿಲ್ಲ, ಈಗಲೂ ಹಾಗೆಯೇ ಹೇಳುತ್ತೇನೆ. ಗುಡ್ಡದ ಹೊಂಡದ ಹತ್ತಿರ ಬೀರಪ್ಪನ ಹೆಂಡತಿ ಕುರಿ ಕಾಯುತ್ತಿದ್ದಳು. ಮುದುಕ ಯಾವಾಗ ಬರುತ್ತಾನೆಂದು ಕೇಳಿದಳು. ನಿಲ್ಲದೆ ತುಳಿದೆ. ಪ್ರತಿ ಕಲ್ಲಿಗೂ ಕರಡಿಗೆ ಎದೆಗೆ ಬಡಿಯಿತು, ತೆಗೆಯಲಿಲ್ಲ.

ಬುಧವಾರ ಸಂಜೆ ಮನೆ ಮುಟ್ಟಿದೆ. ಅವ್ವ ಬಾಗಿಲಲ್ಲೇ ಇದ್ದಳು. ಬಿಸಿಲಿಗೆ ಕಂದಿದ ನನ್ನ ಮುಖ ನೋಡಿ, ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದನ್ನು ಕೇಳಿದಳು.

"ಅಲ್ಲಿ ಹೊಟ್ಟಿತುಂಬ ಉಂಡಿ ಇಲ್ಲೋ?"

"ಉಂಡೀನಿ ಅವ್ವ," ಎಂದೆ.