ಚರಂಡಿಗೆ ಹೋದ ಮೇಣ

ನಾವು ‘ಬು’, ಅಂದರೆ ಅಮ್ಮ, ಎಂದು ಕರೆಯುವ ನಮ್ಮ ಯಜಮಾನಿ ಮುಜಾರೋಳ ಕಣ್ಣಿಗೆ ಇಡೀ ಪೆಕಲೋಂಗನ್ ಊರಿನಲ್ಲಿ ಕಳ್ಳರಲ್ಲದವರು ಯಾರೂ ಇಲ್ಲ. ಸಕ್ಕರೆ ಡಬ್ಬಿಗೆ ಬೀಗ. ಬಾಟಿಕ್ ಬಟ್ಟೆಗೆ ಬಿಸಿ ಮೇಣದಲ್ಲಿ ಹೂಬಳ್ಳಿ ಬರೆಯುವ ನಾವು ಸಂಜೆ ಹೊರಟರೆ, ಬೆರಳಿಗಂಟಿದ ಮೇಣವನ್ನೂ ಕೆರೆಸಿ ಡಬ್ಬಿಗೆ ಹಾಕಿಸುತ್ತಾಳೆ. ಗಂಡನ ಹೆಣಕ್ಕೆ ಹೊದಿಸಿದ್ದ ಬಟ್ಟೆಯನ್ನು ಯಾರೋ ಬದಲಾಯಿಸಿದ್ದಾರೆಂದು ಅಂಚು ತಿರುಗಿಸಿ ನೋಡಿದ ಹೆಂಗಸು ಅವಳು.

ಅಂಥವಳ ಹಿತ್ತಲಲ್ಲೇ ಮೇಣ ಚರಂಡಿಗೆ ಹರಿಯುತ್ತಿತ್ತು! ಬಣ್ಣ ಹಾಕಿದ ಬಟ್ಟೆಯನ್ನು ನಮ್ಮ ಜೊತೆಯ ಕೂಲಿಯಾಳು ದರ್ಕುಮ್, ಹಂಡೆಯಲ್ಲಿ ಕುದಿಸಿದಾಗ ಬಿಡುವ ಮೇಣ. ಗೋಡೆಯಾಚೆ ಅವನ ಹೆಂಡತಿ ವರ್ನಿ ಗೋಣಿಚೀಲ ಅಡ್ಡ ಕಟ್ಟಿ ಅದನ್ನು ಹಿಡಿದು, ಕರಗಿಸಿ, ಪೇಟೆಯ ಅಂಗಡಿಗೆ ಮಾರುತ್ತಿದ್ದಳು. ಬು ಮೇಣ ಕೊಳ್ಳುತ್ತಿದ್ದದ್ದೂ ಅದೇ ಅಂಗಡಿಯಲ್ಲಿ. ದರ್ಕುಮನ ಕೂಲಿ ಅಕ್ಕಿಗೂ ಸಾಲುತ್ತಿರಲಿಲ್ಲ. ಅವರ ಮನೆ ನಡೆಯುತ್ತಿದ್ದದ್ದು ಆ ಚರಂಡಿಯಿಂದಲೇ.

ಒಂದು ದಿನ ಬಾಟಿಕ್ ಸಹಕಾರ ಸಂಘದವನೊಬ್ಬ ಬಂದು ಹಿತ್ತಲು ನೋಡಿದ.

“ಬು, ಇಲ್ಲೊಂದು ತೊಟ್ಟಿ ಕಟ್ಟಿಸಿ. ನೀರು ಆರಿದ ಮೇಲೆ ಮೇಣ ಹೆಪ್ಪುಗಟ್ಟುತ್ತೆ, ಬಾಚ್ಕೊಂಡ್ರೆ ಆಯ್ತು. ಇಷ್ಟು ವರ್ಷ ನಿಮ್ಮ ಕಣ್ಣಿಗೇ ಬಿದ್ದಿಲ್ವಾ?”

“ಇದ್ರಲ್ಲಿ ನಿಂಗೇನು ಸಿಗುತ್ತಪ್ಪ?”

“ಏನೂ ಇಲ್ಲ ಬು.”

“ಏನೂ ಇಲ್ದೆ ಈ ಬಿಸಿಲಲ್ಲಿ ಯಾವನು ಬರ್ತಾನೆ? ಹೋಗು, ಯೋಚ್ನೆ ಮಾಡ್ತೀನಿ.”

ಮರುದಿನ ಹಿತ್ತಲಲ್ಲಿ ಇಟ್ಟಿಗೆ ಇಳಿಯಿತು. ದರ್ಕುಮ್ ಊಟ ಬಿಟ್ಟು ಕೂತ. ನನಗೆ ತಡೆಯಲಾಗಲಿಲ್ಲ.

“ಬು, ತೊಟ್ಟಿ ಬೇಡ. ವರ್ನಿ ಮಕ್ಕಳು ಉಪವಾಸ ಬೀಳ್ತವೆ” ಎಂದುಬಿಟ್ಟೆ. ಅವರ ಗುಟ್ಟನ್ನು ನಾನೇ ಹೊರಹಾಕಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

“ನನ್ನ ಮೇಣ ನಂಗೆ ಗೊತ್ತಾಗಲ್ವೇನೇ ಕಸ್ಮಿ? ಅಂಗಡಿಯಿಂದ ಬರೋ ಮುದ್ದೆಯಲ್ಲಿ ನಮ್ಮನೆ ಬಣ್ಣಾನೇ ಇರುತ್ತೆ. ಈ ಇಟ್ಟಿಗೆ ತೊಟ್ಟಿಗಲ್ಲ, ಗೋಡೆ ಎತ್ತರಿಸೋಕೆ. ಆ ಸಂಘದವನು ನಮ್ಮ ಹೊಸ ಚಿತ್ತಾರ ಕದಿಯೋಕೇ ಬಂದಿದ್ದ.”

ನನಗೆ ಕಣ್ಣು ತುಂಬಿ ಬಂತು. ಇಂಥವಳನ್ನು ಇಷ್ಟು ವರ್ಷ ಜಿಪುಣಿ ಎಂದು ಬೈದುಕೊಂಡೆನಲ್ಲ!

“ನಿಮ್ಮದು ದೊಡ್ಡ ಮನಸ್ಸು ಬು.”

“ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ತೊಟ್ಟಿ ಕಟ್ಟಿದ್ರೆ ದರ್ಕುಮ್ ಕೂಲಿ ಜಾಸ್ತಿ ಕೇಳ್ತಾನೆ. ಅವನಿಗೆ ಕೊಟ್ರೆ ನೀವೆಲ್ಲ ಕೇಳ್ತೀರ. ಅದಕ್ಕಿಂತ ಈ ಚರಂಡಿಯೇ ಅಗ್ಗ.”

ಲೆಬರಾನ್ ಹಬ್ಬಕ್ಕೆ ಮೊದಲು ಕೂಲಿ ಏರಿಸಿ ಎಂದು ಕೇಳಲು ನಾನು ಮಾತು ಜೋಡಿಸಿಟ್ಟುಕೊಂಡಿದ್ದೆ. ಅದನ್ನು ಕೇಳದೆ ಬಟ್ಟೆಯ ಮುಂದೆ ಹೋಗಿ ಕೂತೆ. ಸಂಜೆ ಹೊರಟಾಗ ಅವಳು ಎಂದಿನಂತೆ ಡಬ್ಬಿ ಮುಂದಿಟ್ಟಳು. ನಾನು ಬೆರಳಿನ ಮೇಣ ಕೆರೆದು ಹಾಕಿದೆ.