ಮೊದಲು ಮುಗಿಸಿದವರು

ಗುಂಜಿಯ ಆಚೆ, ಕಾಡಿನಂಚಿನ ನಮ್ಮ ಶಾಲೆಯಲ್ಲಿ ತರಗತಿ ಏಳು, ಶಿಕ್ಷಕಿಯರು ಇಬ್ಬರೇ. ಒಂದೇ ಕೋಣೆಯಲ್ಲಿ ಮೂರು ತರಗತಿ ಕೂರಿಸಿಕೊಂಡು ಪಾಠ ಮಾಡಿದವರಿಗೇ ಗೊತ್ತು ಅದೆಂಥ ಸಂತೆಯೆಂದು. ಅದಕ್ಕೇ ನಾನೊಂದು ರೂಢಿ ಹಾಕಿದ್ದೆ: ಲೆಕ್ಕ ಮೊದಲು ಮುಗಿಸಿದವರು ಸುಮ್ಮನೆ ಕೂರುವಂತಿಲ್ಲ, ಪಕ್ಕದವರಿಗೆ ಹೇಳಿಕೊಡಬೇಕು.

ಏಳನೆಯ ತರಗತಿಯ ಒಬ್ಬ ಹುಡುಗಿ ಯಾವಾಗಲೂ ಮೊದಲು ಮುಗಿಸುತ್ತಿದ್ದಳು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಲೆಕ್ಕದ ಮುಂದೆ ಅವಳಿಗೆ ಎರಡರ ನೆನಪೂ ಇರುತ್ತಿರಲಿಲ್ಲ. ನನ್ನಲ್ಲಿದ್ದ ಗಣಿತವೆಲ್ಲ ಅವಳ ಮುಂದೆ ಖಾಲಿಯಾಗಿತ್ತು. ಬೆಳಗಾವಿಯಲ್ಲಿ ಜಾಣ ಮಕ್ಕಳನ್ನು ಆರಿಸಿ, ಭಾನುವಾರಗಳಂದು ಹೆಚ್ಚಿನ ಗಣಿತ ಕಲಿಸುತ್ತಾರೆಂದು ಕೇಳಿ ಅವಳ ಹೆಸರು ಕಳಿಸಿದೆ. ಏಳನೆಯವರಿಗೆ ಮಾತ್ರ ಅವಕಾಶ. ಈ ಸಲ ತಪ್ಪಿದರೆ ಮತ್ತಿಲ್ಲ.

ಪರೀಕ್ಷೆ ಶಿವಬಸವ ನಗರದ ಒಂದು ಶಾಲೆಯಲ್ಲಿತ್ತು. ಮಕ್ಕಳನ್ನು ಕಾರಿನಲ್ಲಿ ಇಳಿಸಿದ ತಂದೆತಾಯಿಗಳ ಗುಂಪು ಬಿಟ್ಟು ನಾನು ಕಿಟಕಿಯ ಹತ್ತಿರ ನಿಂತೆ. ಅವಳ ಬೆಂಚು ಅಲ್ಲಿಂದ ಕಾಣುತ್ತಿತ್ತು. ಎಲ್ಲರಿಗಿಂತ ಮೊದಲು ಅವಳು ಪೆನ್ನು ಕೆಳಗಿಟ್ಟಳು. ನಾನು ಒಳಗೊಳಗೇ ಹಿಗ್ಗಿದೆ. ಮರುಕ್ಷಣವೇ ಕಿಟಕಿಗೆ ಇನ್ನಷ್ಟು ಹತ್ತಿರ ಸರಿದೆ. ಅವಳು ಪಕ್ಕದ ಬೆಂಚಿನ ಹುಡುಗಿಯ ಕಡೆ ಬಾಗಿ, ಆಕೆಯ ಹಾಳೆಯ ಮೇಲೆ ಬೆರಳಿಟ್ಟು ಹೇಳಿಕೊಡುತ್ತಿದ್ದಳು. ಪಿಸುಮಾತಿನಲ್ಲೂ ಅಲ್ಲ.

ಕೂಗಿ ತಡೆಯೋಣವೆಂದರೆ, ನಾನೇ ಕಿಟಕಿಯಿಂದ ಕಾಪಿ ಹೊಡೆಸಿದಂತೆ ಕಾಣುತ್ತಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ. ಮೇಲ್ವಿಚಾರಕರು ಹಾಳೆ ಕಸಿದುಕೊಂಡು ಅವಳನ್ನು ಹೊರಗೆ ಕರೆತಂದರು.

"ಪರೀಕ್ಷಾದಾಗ ಮಾತಾಡ್ತಾಳಲ್ರೀ ನಿಮ್ಮ ಹುಡುಗಿ! ಕರಕೊಂಡ ನಡೀರಿ."

"ಸರ್, ಆಕಿ ಕೇಳಿ ಬರದಿಲ್ರಿ, ಹೇಳಿಕೊಟ್ಟಾಳ. ನಮ್ಮ ಸಾಲ್ಯಾಗ ಹಂಗ ರೂಢಿ ಐತ್ರಿ."

"ನಿಮ್ಮ ರೂಢಿ ನಿಮ್ಮ ಸಾಲ್ಯಾಗ ಇಟಗೋರಿ, ಮೇಡಂ."

ನನಗೆ ಪಿತ್ತ ನೆತ್ತಿಗೇರಿತು. "ಶ್ಯಾಣ್ಯಾ ಮಕ್ಕಳನ್ನ ಹುಡಕಾಕ ಕುಂತೀರಿ, ಹೌದಲ್ರೀ? ಹಂಗಾರ ಬ್ಯಾರೆ ಲೆಕ್ಕ ಕೊಟ್ಟು ಒಬ್ಬಾಕಿನ್ನ ಕುಂದರಸ್ರಿ. ಬರಲಿಲ್ಲಂದ್ರ ನಾನ ಕರಕೊಂಡ ಹೋಗ್ತೀನಿ."

ಅವರು ಕೈಯಲ್ಲಿದ್ದ ಅವಳ ಹಾಳೆಯನ್ನು ಮೊದಲ ಸಲ ಸರಿಯಾಗಿ ನೋಡಿದರು. ತಿರುಗಿಸಿ ಮತ್ತೆ ನೋಡಿದರು. "ಬಾರವಾ ಒಳಗ" ಎಂದರು.

ಅವಳು ನನ್ನ ಕೈ ಬಿಡಲಿಲ್ಲ. "ಅಕ್ಕೋರ, ನಾ ಏನ ತಪ್ಪ ಮಾಡೀನ್ರಿ?"

"ಏನಿಲ್ಲವಾ. ಆದ್ರ ಇಲ್ಲಿ ಯಾರಿಗೂ ಹೇಳಿಕೊಡಬ್ಯಾಡ."

ಖಾಲಿ ಕೋಣೆಯ ಬಾಗಿಲು ಮುಚ್ಚಿತು. ಉಳಿದ ಮಕ್ಕಳು ಪರೀಕ್ಷೆ ಮುಗಿಸಿ, ಕಾರು ಹತ್ತಿ ಹೋದರು. ನಾನು ಮೆಟ್ಟಿಲ ಮೇಲೆ ಕೂತು ದೇವರನ್ನೂ ಆ ಮೇಲ್ವಿಚಾರಕರನ್ನೂ ಒಟ್ಟಿಗೇ ಬೈದೆ. ಹೊರಬಂದಾಗ ಅವಳ ಮುಖದಿಂದ ಏನೂ ತಿಳಿಯಲಿಲ್ಲ.

ಮುಂದಿನ ವಾರ ಫೋನು ಬಂತು. ಆಯ್ಕೆಯಾಗಿದ್ದಳು! ನಾನು ಮಕ್ಕಳಂತೆ ಕುಣಿದುಬಿಟ್ಟೆ. ಇಡೀ ಶಾಲೆ ಚಪ್ಪಾಳೆ ತಟ್ಟಿತು.

ಆಮೇಲೆ ಎಂದಿನಂತೆ ಲೆಕ್ಕ ಕೊಟ್ಟೆ. ಎಂದಿನಂತೆ ಅವಳೇ ಮೊದಲು ಮುಗಿಸಿದಳು. ಪಕ್ಕದಲ್ಲಿ ಐದನೆಯ ತರಗತಿಯ ಪುಟ್ಟ ಹುಡುಗಿ ಪೆನ್ಸಿಲ್ ಕಚ್ಚುತ್ತ ಕೂತಿದ್ದಳು. ಇವಳು ತನ್ನ ಲೆಕ್ಕದ ವಹಿಯನ್ನು ಅಂಗೈಯಿಂದ ಮುಚ್ಚಿ, ಎದ್ದು ನಿಂತು ನನ್ನನ್ನು ನೋಡಿದಳು.

"ಅಕ್ಕೋರ, ಇಲ್ಲಿ ಹೇಳಿಕೊಡಬೌದೇನ್ರಿ?"

ಇಷ್ಟು ವರ್ಷದಲ್ಲಿ ಯಾವ ಮಗುವೂ ನನ್ನನ್ನು ಹಾಗೆ ಕೇಳಿರಲಿಲ್ಲ.