ಒಂದು ಕಾಜ ಕೆಳಗೆ

ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಚಿಂತೆ ಕೊರೆಯುತ್ತಲೇ ಇತ್ತು. ದಿನಾ ಬೆಳಿಗ್ಗೆ ಅಪ್ಪನಿಗೆ ಅಂಗಿ ತೊಡಿಸಿ, ಗುಂಡಿ ಹಾಕಿ ಅಡುಗೆಮನೆಗೆ ಹೋಗುತ್ತೇನೆ. ಬಂದು ನೋಡಿದರೆ ಗುಂಡಿಗಳೆಲ್ಲ ತಮ್ಮ ತೂತು ಬಿಟ್ಟು ಒಂದೊಂದು ಕಾಜ ಕೆಳಗೆ! ಇದರಲ್ಲೇ ಎಡವುವವಳು ಪಾಪುವಿನ ಔಷಧಿಯಲ್ಲಿ ಎಡವದೆ ಇರುತ್ತೇನೆಯೇ? ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಿದ್ದೆ. ನನ್ನನ್ನೇ ಬೈದುಕೊಳ್ಳುತ್ತ ಅಪ್ಪನ ಗುಂಡಿ ಬಿಚ್ಚಿ ಸರಿಯಾಗಿ ಹಾಕುತ್ತಿದ್ದೆ.

ಅಪ್ಪ ದರ್ಜಿ. ಬಸ್ ನಿಲ್ದಾಣದ ಹಿಂದಿನ ಅವನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು: ಹೊಸ ಅಂಗಿಯ ಗುಂಡಿಯನ್ನು ಗಿರಾಕಿಯೇ ಕನ್ನಡಿ ಮುಂದೆ ಹಾಕಿಕೊಳ್ಳಬೇಕು. "ನಾನು ಹಾಕಿದ್ರೆ ಕಾಜ ಬಿಗಿಯೋ ಸಡಿಲವೋ ನಿಮಗೆ ಹೇಗೆ ಗೊತ್ತಾಗುತ್ತೆ ಸ್ವಾಮಿ? ಮದುವೆಗಂಡಾದ್ರೂ ಅಷ್ಟೇ!"

ಪಾರ್ಶ್ವವಾಯು ಬಡಿದು ಅವನ ಬಲಗೈ ಸೋತಿತು. ಆಕ್ಯುಪೇಷನಲ್ ಥೆರಪಿಯ ಮೇಡಂ ಮನೆಗೆ ಬರತೊಡಗಿದರು. ಚಮಚ ಹಿಡಿಯುವುದು, ತಲೆ ಬಾಚುವುದು, ಗುಂಡಿ ಹಾಕುವುದು, ಇವೇ ಚಿಕಿತ್ಸೆ. "ಎಷ್ಟು ಹೊತ್ತಾದ್ರೂ ಆಗ್ಲಿ, ನೀವು ಮಾತ್ರ ಕೈ ಹಾಕ್ಬೇಡಿ" ಎಂದಿದ್ದರು. ಸೊಂಟದಲ್ಲಿ ಮಗು, ಒಲೆಯ ಮೇಲೆ ಕುಕ್ಕರ್, ನನಗೆಲ್ಲಿಯ ತಾಳ್ಮೆ? ಕೊನೆಗೊಂದು ದಿನ ಅಪ್ಪನ ಎದುರಿಗೇ, "ಏನೂ ಸುಧಾರಿಸ್ತಿಲ್ಲ ಮೇಡಂ, ಇನ್ನು ಬರೋದು ಬೇಡ" ಎಂದುಬಿಟ್ಟೆ. ಅಪ್ಪ ಗೋಡೆಯ ಕಡೆ ತಿರುಗಿದ.

ಇವತ್ತು ಪಾಪುವಿನ ಟವೆಲ್ ತರಲು ಅವನ ಕೋಣೆಗೆ ಹೋದೆ. ನಾನು ಆಗಷ್ಟೇ ಹಾಕಿದ್ದ ಗುಂಡಿಗಳನ್ನೆಲ್ಲ ಬಿಚ್ಚಿಕೊಂಡು ಕೂತಿದ್ದ. ಎಡಗೈಯಿಂದ ಕಾಜ ಅಗಲಿಸಿ, ಬಲಗೈಯ ನಡುಗುವ ಹೆಬ್ಬೆರಳಿನಿಂದ ಗುಂಡಿಯನ್ನು ನೂಕುತ್ತಿದ್ದ. ಜಾರಿತು. ಮತ್ತೆ ನೂಕಿದ. ತೂರಿತು, ಒಂದು ಕಾಜ ಕೆಳಗೆ.

ಕೆನ್ನೆಗೆ ಯಾರೋ ಬಾರಿಸಿದಂತಾಯಿತು.

"ಅಪ್ಪಾ, ದಿನಾ ನೀನೇನಾ?"

ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಬೆಚ್ಚಿ, ಅಂಗಿಯನ್ನು ಅದುಮಿ ಹಿಡಿದ.

"ನಂಗೆ ಹೇಳೋದಲ್ವಾ?"

"ನಿಂಗೆ... ಅವಸರ" ಎಂದು ತೊದಲಿದ. ಆಮೇಲೆ ಬಾಯಿಯ ಒಂದೇ ಮೂಲೆಯಲ್ಲಿ ನಕ್ಕ. "ಈಗ... ನಾನೇ ಗಿರಾಕಿ."

ನನಗೆ ತಲೆಯೆತ್ತಲಾಗಲಿಲ್ಲ. ಅವನು ಬೆವರು ಸುರಿಸಿ ಹಾಕಿದ್ದನ್ನು ನಾನು ದಿನಾ ಬಿಚ್ಚಿಹಾಕಿದ್ದೆ. ಸಾಲದ್ದಕ್ಕೆ ಸುಧಾರಣೆಯೇ ಇಲ್ಲವೆಂದು ದೂರಿದ್ದೆ. ಆ ಗಳಿಗೆಯಲ್ಲೂ ನನ್ನ ಹಾಳು ಕೈ, ಕಾಜ ತಪ್ಪಿದ ಗುಂಡಿಯತ್ತ ಹೋಯಿತು. ಹಿಂದಕ್ಕೆ ಎಳೆದುಕೊಂಡು ಫೋನ್ ಎತ್ತಿಕೊಂಡೆ.

"ಮೇಡಂ, ನಾನು ದರ್ಜಿಯವರ ಮಗಳು. ಅಪ್ಪ ಗುಂಡಿ ಹಾಕ್ಕೋತಿದ್ದಾರೆ. ದಿನಾ ಬಿಚ್ತಿದ್ದವಳು ನಾನೇ... ಕೈ ಹಾಕದೆ ಇರೋದು ಹೇಗಂತ ನಂಗೂ ಕಲಿಸ್ಬೇಕು. ಮತ್ತೆ ಬರ್ತೀರಾ?"